ಅರಿಶಿನ ಹತ್ತಿದ ಹೆಡ್‌ಲೈಟು

ಹೆಡ್‌ಲೈಟು ಉಜ್ಜುವಾಗ ಮೊದಲ ಹತ್ತು ನಿಮಿಷ ಗಾಡಿಯ ಒಡೆಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಾರದು. ಇದು ಗೊತ್ತಿದ್ದೂ ಆವತ್ತು ಆ ಹೆಣ್ಣುಮಗಳಿಗೆ ಒಳಗೆ ಹೋಗಿ ಎಂದು ಹೇಳಲಿಲ್ಲ. ಮಂಜುಗಟ್ಟಿ ಹಳದಿ ತಿರುಗಿದ್ದ ದೀಪಕ್ಕೆ ನೀರು ಚಿಮುಕಿಸಿ, ಆರುನೂರು ನಂಬರಿನ ವಾಟರ್ ಪೇಪರ್ ಎಂಬ ಉಪ್ಪುಕಾಗದ ಇಟ್ಟು ನಾಲ್ಕು ಸಲ ಎಳೆದೆನೋ ಇಲ್ಲವೋ, "ಅಯ್ಯೋ ಅಣ್ಣ, ಏನ್ ಮಾಡ್ಬಿಟ್ರಿ!" ಎಂದು ಚೀರಿದರು. ಅವರು ಚೀರಿದ್ದರಲ್ಲಿ ತಪ್ಪಿರಲಿಲ್ಲ. ಸ್ವಲ್ಪವಾದರೂ ಬೆಳಕು ಬಿಡುತ್ತಿದ್ದ ದೀಪ ಈಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

"ಹಿಂಗೇ ಆಗೋದು ಮೇಡಂ. ಮೊದ್ಲು ಕೆಡ್ಬೇಕು, ಆಮೇಲೆ ಸರಿ ಹೋಗುತ್ತೆ" ಎಂದೆ.

"ನಾಡಿದ್ದಾದ್ಮೇಲೆ ಎಫ್‌ಸಿ ಇದೆ ಅಣ್ಣ. ಕೆಟ್ಟು ಕೂತ್ರೆ ನಾನು ಮನೇಲೇ ಕೂರ್ಬೇಕಾಗುತ್ತೆ."

ಅವರು ಟ್ಯಾಕ್ಸಿ ಓಡಿಸುವವರು. ಟಿನ್ ಫ್ಯಾಕ್ಟರಿಯ ಹಿಂದಿನ ಒಂದು ಗಲ್ಲಿಯಲ್ಲಿ ಮನೆ, ಹಳದಿ ಬೋರ್ಡಿನ ಕಾರು, ಒಂದು ಕಂಪನಿಯ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಬಿಡುವ ಕೆಲಸ. ಗಾಡಿ ರಸ್ತೆಗೆ ಯೋಗ್ಯ ಎಂದು ಆರ್‌ಟಿಓದವರು ಕೊಡುವ ಎಫ್‌ಸಿಗೆ ಹೋದ ವಾರ ಹೋಗಿದ್ದಾಗ, ಇನ್‌ಸ್ಪೆಕ್ಟರು ದೀಪಕ್ಕೆ ಬೆರಳಿಂದ ತಟ್ಟಿ, "ಇದು ದೀಪಾನಾ, ಗೋಲಿಸೋಡಾ ಬಾಟ್ಲಿನಾ?" ಎಂದು ವಾಪಸು ಕಳಿಸಿದ್ದರು. ಹಳೆಯ ಮಾಡೆಲ್ಲು, ಹೊಸ ದೀಪ ತರಿಸಲು ಎರಡು ವಾರ ಬೇಕು ಎಂದು ಶೋರೂಮಿನವರು ಕೈಚೆಲ್ಲಿದ್ದರು. ಮತ್ತೆ ಸಿಕ್ಕ ದಿನ ವಿಜಯದಶಮಿಯ ಮಾರನೆಯ ದಿನ. ಅಂದು ಎಫ್‌ಸಿ ಆಗದಿದ್ದರೆ ಸೋಮವಾರದಿಂದ ಆ ರೂಟು ಬೇರೆ ಗಾಡಿಗೆ ಹೋಗುತ್ತದೆ ಎಂದು ಕಂಪನಿಯ ಟ್ರಾನ್ಸ್‌ಪೋರ್ಟ್ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದರಂತೆ.

ಆ ದಿನ ಕೆಲಸ ಚೆನ್ನಾಗಿಯೇ ಆಯಿತು. ದೀಪದ ಸುತ್ತ ಪೇಂಟಿಗೆ ಗೀರು ಬೀಳದಂತೆ ಎರಡು ಸುತ್ತು ಮಾಸ್ಕಿಂಗ್ ಟೇಪು ಅಂಟಿಸಿದ್ದೆ. ಆರುನೂರರ ಪೇಪರಿನಲ್ಲಿ ಅಡ್ಡಡ್ಡ, ಅದಕ್ಕಿಂತ ನುಣುಪಾದ ಸಾವಿರದ್ದರಲ್ಲಿ ಉದ್ದುದ್ದ, ಸಾವಿರದೈನೂರರಲ್ಲಿ ಮತ್ತೆ ಅಡ್ಡಡ್ಡ. ದಿಕ್ಕು ಬದಲಿಸುವುದು ಯಾಕೆಂದರೆ ಹಿಂದಿನ ಪೇಪರಿನ ಗೀರು ಪೂರ್ತಿ ಹೋಯಿತೇ ಇಲ್ಲವೇ ಎಂದು ಕಣ್ಣಿಗೆ ಕಾಣುತ್ತದೆ. ಮೊದಮೊದಲು ಇಳಿಯುವ ನೀರು ಹಳದಿ. ಕಂಪನಿಯವರು ಹಾಕಿದ ಹಳೆಯ ಲೇಪ ಬಿಸಿಲಿಗೆ ಸತ್ತು ಹೋಗಿರುತ್ತದೆ, ಅದೇ ಹಾಗೆ ಇಳಿಯುವುದು. ನೀರು ಬೆಳ್ಳಗೆ ಬರುವವರೆಗೂ ಬಿಡಬಾರದು. ಕೊನೆಗೆ ಬಫಿಂಗ್ ಮಿಷನ್ನನ್ನು ನಿಧಾನದ ಸ್ಪೀಡಿನಲ್ಲಿಟ್ಟು ಪಾಲಿಶ್ ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲು ತಡೆಯುವ ಹೊಸ ಲೇಪವನ್ನು ಎರಡು ಕೋಟು ಹೊಡೆದೆ. ಅದರ ಡಬ್ಬಿಯ ತಳದ ಗುಂಡಿ ಒತ್ತಿ ಒಳಗಿನ ಗಟ್ಟಿ ಮಾಡುವ ದ್ರವ ಬೆರೆಸಿದ ಮೇಲೆ ಒಂದೇ ದಿನ ಆಯಸ್ಸು. ಆಮೇಲೆ ಡಬ್ಬಿಯೊಳಗೇ ಕಲ್ಲಾಗುತ್ತದೆ.

ಟೇಪು ಕಿತ್ತಾಗ ದೀಪದೊಳಗಿನ ಬಲ್ಬು, ಅದರ ಹಿಂದಿನ ಕನ್ನಡಿ, ಮೂಲೆಯ ಒಂದು ಚಿಕ್ಕ ಸ್ಕ್ರೂ ಎಲ್ಲ ಕಂಡವು. ಬಾಗಿಲಲ್ಲಿ ನಿಂತು ದೂರದಿಂದಲೇ ನೋಡುತ್ತಿದ್ದ ಅವರ ಅತ್ತೆ ಮೆಟ್ಟಿಲಿಳಿದು ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿ, "ಹೊಸಾದು ಹಾಕ್ದೇನಪ್ಪ?" ಎಂದರು.

"ಇಲ್ಲಜ್ಜಿ, ಹಳೇದೇ."

"ಸುಳ್ಳು. ಹೊಸ ಗಾಡಿನೇ ಆಗೋಗದೆ."

ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಸೊಸೆಗೆ ಎಚ್ಚರಿಕೆ ಹೇಳಿದೆ: "ಮೂರು ದಿನ ಯಾರೂ ಕೈ ಮುಟ್ಟಂಗಿಲ್ಲ. ನೀರು ಬೇಡ, ಬಟ್ಟೆ ಬೇಡ, ಕವರ್ ಹಾಕ್ಬೇಡಿ. ಮೇಲೆ ಒಣಗ್ದಂಗೆ ಕಾಣುತ್ತೆ, ಒಳಗೆ ಹಸಿ ಇರುತ್ತೆ." ಹೂಂ ಎಂದರು. ಮಾರನೆಯ ದಿನ ಆಯುಧಪೂಜೆ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದರ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಹಬ್ಬದ ದಿನ ನಾನು ಸರ್ವಜ್ಞನಗರದ ಮನೆಯಲ್ಲಿ ಬೆಳಿಗ್ಗೆಯೆಲ್ಲ ಸ್ಕೂಟರು, ಮಿಷನ್ನು, ಸ್ಪ್ಯಾನರುಗಳನ್ನು ತೊಳೆದು ಜೋಡಿಸಿ, ಪೂಜೆ ಮಾಡಿ, ಊಟ ಮಾಡಿ ಮಲಗಿದೆ. ವಿಜಯದಶಮಿಯ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗ ಫೋನು ಬಂತು.

"ಅಣ್ಣ, ಲೈಟು ಮತ್ತೆ ಹಳದಿ ಆಗಿದೆ."

ನಕ್ಕುಬಿಟ್ಟೆ. ಪ್ಲಾಸ್ಟಿಕ್ಕು ಹಳದಿಯಾಗಲು ವರ್ಷಗಟ್ಟಲೆ ಬಿಸಿಲು ಬೇಕು. "ಬೆಳಕು ಹಂಗೆ ಕಾಣಿಸ್ತಿರ್ಬೇಕು ಮೇಡಂ" ಎಂದೆ. ಆ ಕಡೆಯಿಂದ "ಬನ್ನಿ ಅಣ್ಣ" ಎಂದಷ್ಟೇ ಕೇಳಿಸಿತು. ಆ ದನಿ ಕೇಳಿ ಕಾಫಿ ಕೆಳಗಿಟ್ಟು ಹೊರಟೆ. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳಕಾಯಿ, ಬಾಳೆಕಂದು. ಸ್ಕೂಟರು ಜಾರದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಯಿತು.

ಕಾರಿನ ಮುಂದೆ ಹೋಗಿ ನಿಂತೆ. ಎರಡೂ ದೀಪಗಳು ಅಪ್ಪಟ ಹಳದಿ. ಬಿಸಿಲಿಗೆ ತಿರುಗುವ ಮಾಸಲು ಹಳದಿಯಲ್ಲ, ಮದುವೆಮನೆಯ ಹಳದಿ. ಮಧ್ಯದಲ್ಲಿ ದಪ್ಪ, ಅಂಚಿಗೆ ತೆಳು, ಅಲ್ಲಲ್ಲಿ ಕೆಳಗೆ ಇಳಿದು ಒಣಗಿದ ಗೆರೆ. ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ ಇನ್ನೂ ಇತ್ತು. ಅರಿಶಿನ ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಪುಡಿ ಬಂತು, ಬಣ್ಣ ಬರಲಿಲ್ಲ. ಸೋಪಿನ ನೀರು ಹಾಕಿದೆ. ಹಾಕಿದ ಜಾಗವೆಲ್ಲ ನೋಡನೋಡುತ್ತಿದ್ದಂತೆ ಕೆಂಪಗಾಯಿತು! ಕೈಯಲ್ಲಿದ್ದ ಬಟ್ಟೆ ಬಿದ್ದೇ ಹೋಯಿತು. ಗಾಬರಿಯಲ್ಲಿ ಬರೀ ನೀರು ಹೊಯ್ದೆ, ಕೆಂಪು ಹೋಗಿ ಮತ್ತೆ ಹಳದಿ ಉಳಿಯಿತು. ಅರೆಬರೆ ಒಣಗಿದ್ದ ಲೇಪ ಅರಿಶಿನವನ್ನು ಕುಡಿದುಬಿಟ್ಟಿತ್ತು. ಕಲೆ ಲೇಪದ ಮೇಲಿರಲಿಲ್ಲ, ಒಳಗಿತ್ತು.

"ಯಾರ್ರೀ ಮಾಡಿದ್ದು ಇದನ್ನ?" ಎಂದು ಕೂಗಿದೆ.

"ನಾನು ಕಣಪ್ಪ" ಎಂದರು ಅತ್ತೆ, ಬಾಗಿಲಿಂದ.

"ಮುಟ್ಬೇಡಿ ಅಂತ ಅಷ್ಟು ಹೇಳಿದ್ನಲ್ಲ!"

"ಮುಟ್ಟಿಲ್ವಲ್ಲ. ವೀಳ್ಯದೆಲೇಲಿ ಹಚ್ಚಿದ್ದು."

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. "ಏನಜ್ಜಿ ನೀವು! ನಾಳೆ ಎಫ್‌ಸಿ ಆಗ್ಲಿಲ್ಲ ಅಂದ್ರೆ ನಿಮ್ ಸೊಸೆ ಅನ್ನಕ್ಕೆ ನೀವೇ ಕಲ್ಲು ಹಾಕ್ದಂಗೆ! ಗಾಡಿ ಲೈಟಿಗೆ ಯಾರಾದ್ರೂ ಅರಿಶಿನ ಮೆತ್ತುತಾರಾ? ಬುದ್ಧಿ ಬೇಡ್ವಾ?"

ಅವರು ಸಿಟ್ಟಾಗಲಿಲ್ಲ. ಕೈಯೆತ್ತಿ ನನ್ನ ಸ್ಕೂಟರಿನ ಕಡೆ ತೋರಿಸಿದರು. "ನಿನ್ ಮಿಷನ್‌ಗೂ ಮೆತ್ತಿದೀಯಲ್ಲಪ್ಪ."

ತಿರುಗಿ ನೋಡಿದೆ. ಚೀಲದಿಂದ ಅರ್ಧ ಹೊರಗೆ ಬಂದಿದ್ದ ಬಫಿಂಗ್ ಮಿಷನ್ನಿನ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಸುತ್ತ ಅರಿಶಿನ. ನಾನೇ, ಈ ಕೈಯಲ್ಲೇ, ಹಬ್ಬದ ದಿನ ಹಚ್ಚಿದ್ದು. ಊರಿನ ಗಾಡಿಗಳಿಗೆಲ್ಲ ಅಂದು ಅರಿಶಿನ ಬೀಳುತ್ತದೆ ಎಂದು ಗೊತ್ತಿದ್ದೂ, ನೀರು ಬೇಡ ಬಟ್ಟೆ ಬೇಡ ಎಂದವನಿಗೆ ಅರಿಶಿನ ಬೇಡ ಎನ್ನಲು ಆಗಿರಲಿಲ್ಲ. ಅರಿಶಿನ ಹಚ್ಚುವುದು ಮುಟ್ಟುವುದು ಎಂದು ಅವರಿಗೆ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ತಪ್ಪು ನನ್ನದು ಎಂದು ತಿಳಿದ ಮೇಲೂ ಅದನ್ನು ಹೇಳಲು ಆಗ ನಾಲಿಗೆ ಏಳಲಿಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಸೊಸೆ ನನ್ನನ್ನು ಗೇಟಿನ ಹೊರಗೆ ಕರೆದರು. "ಅವ್ರನ್ನ ಬೈಬೇಡಿ ಅಣ್ಣ. ನಾನು ಟ್ಯಾಕ್ಸಿಗೆ ಇಳಿದು ನಾಲ್ಕು ವರ್ಷ ಆಯ್ತು. ಮೊನ್ನೆ ನೀವು ಲೈಟು ಉಜ್ಜೋವರೆಗೂ ಒಂದು ದಿನ ಈ ಗಾಡಿ ಹತ್ರ ಬಂದಿಲ್ಲ, ಹತ್ತಿಲ್ಲ. ಹೊಸಕೋಟೆಗೆ ಮಗಳ ಮನೆಗೆ ಹೋಗೋದಕ್ಕೂ ಬಸ್ಸೇ. ಹೆಂಗಸು ಬಾಡಿಗೆ ಗಾಡಿ ಓಡ್ಸೋದು ಅವ್ರಿಗೆ ಸರಿ ಕಾಣಲ್ಲ. ನಿನ್ನೆ ನಾನು ಪೂಜೆ ತಟ್ಟೆ ತಂದೆ. ಬಂದು ತಟ್ಟೆ ಕಿತ್ಕೊಂಡು, ಕೊಡಿಲ್ಲಿ ನಾನು ಮಾಡ್ತೀನಿ ಅಂದ್ರು."

"ನೀವಾದ್ರೂ ಹೇಳ್ಬೇಕಿತ್ತು, ಲೈಟಿಗೆ ಬೇಡ ಅಂತ."

"ನೆನಪಾಯ್ತು ಅಣ್ಣ. ಎಲೆ ಲೈಟಿನ ಮೇಲೆ ಇಡ್ತಿದ್ದಂಗೇ ನೆನಪಾಯ್ತು. ನಂಗೆ ಬಾಯೇ ಬರ್ಲಿಲ್ಲ."

ಗೊತ್ತಿದ್ದೂ ಸುಮ್ಮನಿದ್ದರು ಎನ್ನುವುದು ಅರಿಶಿನಕ್ಕಿಂತ ದೊಡ್ಡ ಆಘಾತವಾಗಿತ್ತು. ಈ ರೂಟಿಗಾಗಿ ಎರಡು ದಿನದ ಹಿಂದೆ ನನ್ನ ಮುಂದೆ ಚೀರಿದವರು ಇವರೇ.

ಬೇಗ ಏನಾದರೂ ಮಾಡಬೇಕಿತ್ತು. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಉಜ್ಜಿ ತೆಗೆದು ಮತ್ತೆ ಲೇಪ ಹೊಡೆಯುವುದು. ಎಡಗಡೆ ದೀಪದ ಕೆಳಮೂಲೆಯಲ್ಲಿ ಸಾವಿರದ ಪೇಪರು ಇಟ್ಟು ಎಳೆದೆ. ಹಸಿ ಲೇಪ ಪುಡಿಯಾಗುವ ಬದಲು ರಬ್ಬರಿನಂತೆ ಉಂಡೆಯುಂಡೆಯಾಗಿ ಎದ್ದು ಪೇಪರಿಗೆ ಮೆತ್ತಿಕೊಂಡಿತು. ಒಂದು ಬೆರಳಗಲ ಜಾಗ ಕಿತ್ತ ಗಾಯದಂತಾಯಿತು. ಕೈ ಹಿಂದಕ್ಕೆ ತೆಗೆದೆ. ಮೊನ್ನೆ ಬಳಸಿದ ಡಬ್ಬಿ ಅಲ್ಲಾಡಿಸಿದೆ, ಕಲ್ಲು. ಶಿವಾಜಿನಗರದಲ್ಲಿ ನಾನು ಸಾಮಾನು ತರುವ ಅಂಗಡಿಗೆ ಫೋನು ಮಾಡಿದೆ. ಹಬ್ಬಕ್ಕೆ ಎರಡು ದಿನ ಬಾಗಿಲು ಹಾಕಿದೆ, ನಮ್ಮೂರಿಗೆ ಬಂದಿದ್ದೇನೆ ಎಂದರು ಅಂಗಡಿಯವರು. ಬೇರೆ ಮೂರು ಕಡೆ ಮಾಡಿದೆ, ಆ ಲೇಪ ಯಾರ ಬಳಿಯೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಹತ್ತಿರ ಬಂದು ನಿಂತಿದ್ದರು. "ಬಿಸಿಲಿಗೆ ಇಡಪ್ಪ."

"ಏನನ್ನ?"

"ದೀಪಾನ. ನನ್ ಮಗನ ಮದ್ವೇಲಿ ಬಿಳೀ ಪಂಚೆಗೆಲ್ಲ ಅರಿಶಿನ ಆಗೋಗಿತ್ತು. ಸೋಪ್ ಹಾಕಿದ್ರೆ ಈಗ ಆದಂಗೇ ಕೆಂಪಾಗ್ತದೆ. ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕ್ಬೇಕು. ಸಾಯಂಕಾಲಕ್ಕೆ ಕಾಣಲ್ಲ."

"ಅಜ್ಜಿ, ಇದು ಪಂಚೆ ಅಲ್ಲ. ಬಿಸಿಲಿಂದಾನೇ ಈ ಲೈಟುಗಳು ಹಾಳಾಗೋದು."

"ಹಾಳಾಗ್ಹೋಗಿದ್ಯಲ್ಲ, ಇನ್ನೇನು?"

ಬಿಸಿಲನ್ನು ಬೈದುಕೊಂಡೇ ಹೊಟ್ಟೆ ಹೊರೆಯುವವನು ನಾನು. ಆದರೆ ನಮ್ಮ ಮನೆಯಲ್ಲೂ ಅರಿಶಿನದ ಬಟ್ಟೆ ಬಿಸಿಲಿಗೆ ಹಾಕುವುದನ್ನು ಕಂಡಿದ್ದೆ. ಬಿಸಿಲಿಗೆ ಇಟ್ಟರೆ ಇನ್ನೇನಿಲ್ಲದಿದ್ದರೂ ಲೇಪವಾದರೂ ಬೇಗ ಗಟ್ಟಿಯಾಗುತ್ತದೆ. ಉಜ್ಜುವುದನ್ನು ನಿಲ್ಲಿಸಿ, ಅವರು ಹೇಳಿದ ಹಾಗೆ ಮಾಡುವುದೆಂದು ಪೇಪರುಗಳನ್ನು ಚೀಲಕ್ಕೆ ಹಾಕಿದೆ.

ಆದರೆ ಬಿಸಿಲೆಲ್ಲಿ? ಆ ಗಲ್ಲಿಯಲ್ಲಿ ಎರಡೂ ಕಡೆ ನಾಲ್ಕಂತಸ್ತು. ಗಾಡಿ ನಿಂತ ಜಾಗಕ್ಕೆ ಸೂರ್ಯ ಹಣಕಿ ನೋಡುವುದೇ ನಡುಮಧ್ಯಾಹ್ನ ಅರ್ಧ ಗಂಟೆ. ಬಿಸಿಲು ಇದ್ದದ್ದು ತಾರಸಿಯ ಮೇಲೆ. ಅಂದರೆ ದೀಪಗಳನ್ನು ಬಿಚ್ಚಬೇಕು. ಬಿಚ್ಚುವುದಕ್ಕೆ ನಾನು ಹೆದರುತ್ತಿದ್ದೆ. ಬಂಪರು ಸಡಿಲಿಸದೆ ಅವು ಬರುವುದಿಲ್ಲ, ಮತ್ತೆ ಕೂರಿಸುವಾಗ ಬೆಳಕಿನ ಗುರಿ ಒಂಚೂರು ತಪ್ಪಿದರೂ ಎಫ್‌ಸಿಯಲ್ಲಿ ಅದಕ್ಕೇ ಹೊರಗೆ ಹಾಕುತ್ತಾರೆ. ಅದಕ್ಕೆ ಮೊದಲು ಹೆಡ್‌ಲೈಟು ಹಾಕಿ, ಎದುರು ಗೋಡೆಯ ಮೇಲೆ ಬೆಳಕು ಬಿದ್ದ ಎರಡು ಜಾಗಗಳಿಗೂ ಟೇಪು ಅಂಟಿಸಿದೆ. ಚಕ್ರ ನಿಂತ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಆಮೇಲೆ ಬಂಪರಿನ ಕ್ಲಿಪ್ಪುಗಳು, ಒಂದೊಂದು ದೀಪಕ್ಕೆ ಮೂರು ಬೋಲ್ಟು, ಹಿಂದಿನ ವೈರಿನ ಸಾಕೆಟ್ಟು. ಸೊಸೆ ಬಂಪರಿನ ಒಂದು ತುದಿ ಹಿಡಿದಿದ್ದರು. ದೀಪಗಳು ಕೈಗೆ ಬಂದಾಗ ಕಾರಿನ ಮುಖದಲ್ಲಿ ಎರಡು ತೂತು ಉಳಿದವು. ಅದನ್ನು ನೋಡಲಾರದೆ ಅವರು ಮುಖ ತಿರುಗಿಸಿಕೊಂಡರು.

ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಅತ್ತೆ ಹಳೆಯ ಬೆಡ್‌ಶೀಟು ಹಾಸಿದರು. ದೀಪಗಳನ್ನು ಸೂರ್ಯನಿಗೆ ನೇರ ಇಡದೆ ಓರೆಯಾಗಿ ಇಟ್ಟೆ. ನೇರ ಇಟ್ಟರೆ ಒಳಗಿನ ಕನ್ನಡಿ ಬಿಸಿಲನ್ನೆಲ್ಲ ಒಂದೇ ಕಡೆ ಸೇರಿಸಿ ಪ್ಲಾಸ್ಟಿಕ್ಕು ಕರಗಿಸಬಹುದು. ಗುಣ ಕಾಣುತ್ತಿದೆಯೇ ಎಂದು ತಿಳಿಯಲು ಬಲಗಡೆಯ ದೀಪದ ಅಂಚಿಗೆ ಒಂದು ರಟ್ಟಿನ ಚೂರನ್ನು ನೆರಳಾಗುವಂತೆ ನಿಲ್ಲಿಸಿದೆ. ಅರ್ಧ ಗಂಟೆಗೊಮ್ಮೆ ದೀಪಗಳನ್ನು ತಿರುಗಿಸುವುದು, ರಟ್ಟು ಸರಿಪಡಿಸುವುದು ನನ್ನ ಕೆಲಸ. ಅತ್ತೆ ಸಂಡಿಗೆ ಕಾಯುವ ಹಾಗೆ ಕೋಲು ಹಿಡಿದು ಕೂತು ಕಾಗೆ ಓಡಿಸುತ್ತಿದ್ದರು.

ಹನ್ನೊಂದಕ್ಕೆ ರಟ್ಟು ಎತ್ತಿ ನೋಡಿದೆ. ಏನೂ ವ್ಯತ್ಯಾಸವಿಲ್ಲ. ಹನ್ನೆರಡಕ್ಕೆ ಮೋಡ ಮುಚ್ಚಿತು, ಕೆ.ಆರ್. ಪುರದ ಕಡೆಯಿಂದ ಕಪ್ಪಗೆ ಏರಿ ಬಂತು. ಸೊಸೆ ಮೇಲೆ ಬಂದು ಆಕಾಶ ನೋಡಿ, ದೀಪ ನೋಡಿ, ಕೆಳಗಿಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಂದೂವರೆ ಗಂಟೆ ಹಾಗೇ ಕಳೆಯಿತು, ನನಗೆ ಅತ್ತೆ ಕೊಟ್ಟ ಚಿತ್ರಾನ್ನವೂ ಸೇರಲಿಲ್ಲ.

ಕೊನೆಗೆ ಬಾಯಿ ಬಿಟ್ಟೆ. "ಅಜ್ಜಿ, ಬೆಳಿಗ್ಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ತಪ್ಪು ನಂದೇ. ಅರಿಶಿನ ಹಚ್ಬೇಡಿ ಅಂತ ನಾನು ಹೇಳ್ಬೇಕಿತ್ತು."

"ಅಂದ್ರೆ ಅಂದೆ ಬಿಡು. ಆ ಕಡೆ ಸರಿ, ನಿನ್ ನೆರಳು ದೀಪದ ಮೇಲೆ ಬೀಳ್ತದೆ."

ನೆರಳು ಬೀಳುತ್ತಿದೆ ಎಂದರೆ ಬಿಸಿಲು ಬಂದಿದೆ ಎಂದು ಆಗಲೇ ಗೊತ್ತಾದದ್ದು. ಪಕ್ಕಕ್ಕೆ ಹಾರಿದೆ.

ಮೂರು ಗಂಟೆಗೆ ರಟ್ಟು ಎತ್ತಿದವನು ಹಾಗೇ ಹಿಡಿದುಕೊಂಡು ಕೂತೆ. ರಟ್ಟಿನ ಅಡಿಯಲ್ಲಿ ಬೆರಳಗಲದ ಹಳದಿ ಪಟ್ಟಿ, ಉಳಿದ ಕಡೆಯೆಲ್ಲ ತಿಳಿ ನಿಂಬೆ ಶರಬತ್ತಿನಷ್ಟು. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದೆ. ಇಷ್ಟು ವರ್ಷ ನಾನು ಯಾವ ಬಿಸಿಲಿಗೆ ಹೆದರಿ ಕೆಲಸ ಮಾಡಿದ್ದೆನೋ ಅದೇ ಬಿಸಿಲು ನನ್ನ ಕಣ್ಣೆದುರಿಗೆ ಹಳದಿಯನ್ನು ತಿಂದು ಹಾಕುತ್ತಿತ್ತು. "ಮೇಡಂ, ಮೇಲೆ ಬನ್ನಿ!" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದೆ. ಸೊಸೆ ಓಡಿ ಬಂದು ಮೊಣಕಾಲೂರಿ ಕೂತು ನೋಡಿದರು. ಅತ್ತೆ ಮಾತ್ರ ನೋಡಲಿಲ್ಲ, ಕಾಗೆಯ ಕಡೆ ಕೋಲು ಬೀಸಿದರು.

ರಟ್ಟು ತೆಗೆದೇ ಬಿಟ್ಟಿದ್ದರಿಂದ ಐದರ ಹೊತ್ತಿಗೆ ಪಟ್ಟಿಯ ಜಾಗದಲ್ಲಿ ಸಣ್ಣ ಛಾಯೆ ಬಿಟ್ಟರೆ ಮತ್ತೇನೂ ಉಳಿದಿರಲಿಲ್ಲ. ಲೇಪವೂ ಗಟ್ಟಿಯಾಗಿತ್ತು. ನಾನು ಕಿತ್ತಿದ್ದ ಮೂಲೆಯನ್ನು ಎರಡು ಸಾವಿರ, ಮೂರು ಸಾವಿರದ ಪೇಪರಿನಲ್ಲಿ ಮೆಲ್ಲಗೆ ಸಮ ಮಾಡಿ, ಮಿಷನ್ನು ಮುಟ್ಟದೆ ಕೈಯಲ್ಲೇ ಪಾಲಿಶ್ ಕೊಟ್ಟೆ. ಗುರುತು ಪೂರ್ತಿ ಹೋಗಲಿಲ್ಲ. ದೀಪ ಕೂರಿಸಿ, ಬಂಪರು ಬಿಗಿದು, ಸೀಮೆಸುಣ್ಣದ ಗುರುತಿಗೆ ಸರಿಯಾಗಿ ಗಾಡಿ ನಿಲ್ಲಿಸಿ ಲೈಟು ಹಾಕಿದರೆ ಬಲಗಡೆಯ ಬೆಳಕು ಟೇಪಿಗಿಂತ ಒಂದು ಗೇಣು ಮೇಲೆ. ಹಿಂದಿನ ಸ್ಕ್ರೂ ತಿರುಗಿಸಿ ತಿರುಗಿಸಿ ಟೇಪಿಗೆ ತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಮಾರನೆಯ ಬೆಳಿಗ್ಗೆ ನಾನೂ ಆರ್‌ಟಿಓಗೆ ಹೋದೆ. ಕರೆದಿರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಮೈದಾನದಲ್ಲಿ ಸಾಲಾಗಿ ಗಾಡಿಗಳು. ಅವರ ಕಾರಿನ ಹತ್ತಿರ ಹೋದವನು ನಿಂತುಬಿಟ್ಟೆ. ಹಿಂದಿನ ಸೀಟಿನಲ್ಲಿ, ರೇಷ್ಮೆ ಸೀರೆಯುಟ್ಟು, ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆ ಕೂತಿದ್ದರು. ಗಾಡಿಯ ಪಕ್ಕ ನಿಂತಿದ್ದ ಸೊಸೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಅಷ್ಟೇ.

ಇನ್‌ಸ್ಪೆಕ್ಟರು ಬಂದರು. ಲೈಟು, ಡಿಮ್ಮು, ಡಿಪ್ಪು, ಇಂಡಿಕೇಟರು, ಬ್ರೇಕು. ಎಡಗಡೆಯ ದೀಪದ ಮುಂದೆ ಬಗ್ಗಿ ಮೂಲೆಯ ಗಾಯದ ಮೇಲೆ ಹೆಬ್ಬೆಟ್ಟು ಆಡಿಸಿದರು. "ಹೋದ ಸಲ ಗೋಲಿಸೋಡಾ ಅಂದಿದ್ನಲ್ಲ, ಅದೇ ಗಾಡಿನಾ ಇದು?" ಎಂದರು. ನೆಟ್ಟಗೆ ನಿಂತು ಫಾರಮ್ಮಿನ ಮೇಲೆ ಏನೋ ಗೀಚಿ, ಪ್ಯಾಡು ಪೆನ್ನು ಎರಡನ್ನೂ ನನ್ನ ಕಡೆ ಚಾಚಿದರು. "ಪಾಸ್. ಡ್ರೈವರ್ ಇಲ್ಲಿ ಸೈನ್ ಹಾಕಿ."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಕಿಟಕಿಯಿಂದ ತಲೆ ಹೊರಗೆ ಬಂತು.

"ಅವನಿಗ್ಯಾಕೆ ಕೊಡ್ತೀರ ಸ್ವಾಮಿ? ಅವ್ನು ದೀಪ ಉಜ್ಜೋನು. ಗಾಡಿ ನಮ್ ಸೊಸೇದು. ಓಡ್ಸೋಳೂ ಅವ್ಳೇ."

ಪೆನ್ನು ನನ್ನನ್ನು ದಾಟಿ ಹೋಯಿತು. ಸೊಸೆ ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕಿಟಕಿಯ ಕಡೆಯೇ ನೋಡುತ್ತಿದ್ದರು. "ಬೇಗ ಹಾಕಮ್ಮ, ಹಿಂದೆ ಗಾಡಿಗಳಿವೆ" ಎಂದರು ಇನ್‌ಸ್ಪೆಕ್ಟರು. ಹಾಕಿದರು. ಸಹಿ ಚೌಕ ದಾಟಿ ಪಕ್ಕದ ಸಾಲಿಗೆ ಹೋಯಿತು.